ಎಂಪಿಎಚ್ ಶುರು ಮಾಡುವ ಮೊದಲು ಒಂದು ತಾಲೂಕು ಹಿಡಿಯಿರಿ

ಪ್ರಶ್ನೆ: ನಾನು ಜಮಖಂಡಿ ಕಡೆಯವಳು. ಓದಿದ್ದು ಎಂಬಿಬಿಎಸ್, ಆಮೇಲೆ ಕಮ್ಯುನಿಟಿ ಮೆಡಿಸಿನ್‌ನಲ್ಲಿ ಎಂಡಿ. ಈಗ ನಮ್ಮ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದೇನೆ. ಸಾರ್ವಜನಿಕ ಆರೋಗ್ಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು, ಅಂದರೆ ಎಂಪಿಎಚ್ ಅನ್ನು, ಮುಂದಿನ ವರ್ಷವೇ ಆರಂಭಿಸಬೇಕು, ಪ್ರಸ್ತಾವನೆ ಬರೆದುಕೊಡಿ ಎಂದು ಕುಲಪತಿಗಳು ಹೇಳಿದ್ದಾರೆ. ಹೊಸ ಕಟ್ಟಡ, ಸ್ಮಾರ್ಟ್ ಕ್ಲಾಸ್‌ರೂಮ್, ವಿದೇಶಿ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಎಲ್ಲವೂ ಮಾತುಕತೆಯಲ್ಲಿವೆ. ನಾನು ಎಲ್ಲಿಂದ ಶುರು ಮಾಡಬೇಕು? ವೈದ್ಯರಲ್ಲದವರನ್ನು ಸೇರಿಸಿಕೊಳ್ಳಬಹುದೇ? ಪಾಠ ಮಾಡುವವರು ಎಲ್ಲಿ ಸಿಗುತ್ತಾರೆ? ಓದಿದವರಿಗೆ ಕೆಲಸ ಸಿಗುತ್ತದೆಯೇ? ನಮ್ಮಂಥ ದೇಶಗಳ ಬೇರೆ ವಿಶ್ವವಿದ್ಯಾಲಯಗಳು ಇದನ್ನು ಹೇಗೆ ಮಾಡಿವೆ?

ಉತ್ತರ: ಮೇಡಂ, ಕುಲಪತಿಗಳ ಬಳಿ ಇನ್ನೊಂದು ವರ್ಷ ಕೇಳಿ ತೆಗೆದುಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಪ್ರಸ್ತಾವನೆಯ ಮೊದಲ ಪುಟದಲ್ಲೇ ಕಾರಣ ಬರೆಯಿರಿ. ಎಂಬಿಬಿಎಸ್ ಕಾಲೇಜಿಗೆ ರೋಗಿಗಳಿರುವ ಆಸ್ಪತ್ರೆ ತೋರಿಸದೆ ಅನುಮತಿ ಸಿಗುವುದಿಲ್ಲ. ಎಂಪಿಎಚ್‌ಗೆ ಆ ಆಸ್ಪತ್ರೆಯ ಜಾಗದಲ್ಲಿರುವುದು ಒಂದು ತಾಲೂಕು. ಆದರೆ ತಾಲೂಕು ಎಲ್ಲಿದೆ ಎಂದು ಅಷ್ಟೇ ಕಟ್ಟುನಿಟ್ಟಾಗಿ ಕೇಳುವವರು ಇಲ್ಲ. ಹಾಗಾಗಿ ಕಟ್ಟಡ ಬರುತ್ತದೆ, ಪ್ರೊಜೆಕ್ಟರ್ ಬರುತ್ತದೆ, ಪ್ರವೇಶದ ಜಾಹೀರಾತೂ ಬರುತ್ತದೆ. ಮೊದಲ ಬ್ಯಾಚಿನ ಹುಡುಗರು ಮಾತ್ರ ಎರಡು ವರ್ಷ ಪಿಪಿಟಿ ನೋಡಿ, ಕೊನೆಗೆ ಕಾಲೇಜಿನ ಸುತ್ತಲಿನ ಓಣಿಯಲ್ಲಿ ನೂರಿನ್ನೂರು ಮನೆಗಳ ಸಮೀಕ್ಷೆ ಮಾಡಿ, ಪ್ರಬಂಧ ಒಪ್ಪಿಸಿ ಹೋಗುತ್ತಾರೆ. ಅಂಥ ಪದವಿ ನಮ್ಮ ದೇಶದಲ್ಲಿ ಈಗಾಗಲೇ ಸಾಕಷ್ಟಿದೆ. ಇನ್ನೊಂದನ್ನು ನೀವು ಕಟ್ಟುವುದು ಬೇಡ.

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಉಳಿದವಕ್ಕೆ ಅದರಲ್ಲೇ ಅರ್ಧ ಉತ್ತರವಿದೆ.

ರಾಕ್‌ಫೆಲರ್ ಫೌಂಡೇಶನ್ನಿನ ದುಡ್ಡಿನಿಂದ 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಶಾಲೆ ಹುಟ್ಟಿತು. ಅದೇ ಫೌಂಡೇಶನ್ನಿನ ನೆರವಿನಿಂದ 1932ರಲ್ಲಿ ಕೋಲ್ಕತ್ತದಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಬಂತು. ಪಟ್ಟಣದ ನಡುವಿನ ಕಟ್ಟಡದಲ್ಲಿ ಹಳ್ಳಿಯ ಆರೋಗ್ಯ ಕಲಿಸಲಾಗದು. ಅದಕ್ಕೇ 1939ರಲ್ಲಿ ಕೋಲ್ಕತ್ತದ ಹತ್ತಿರದ ಸಿಂಗೂರಿನಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರುವಾಯಿತು, ಸಂಸ್ಥೆಯ ವಿದ್ಯಾರ್ಥಿಗಳಿಗೆ ಅದೇ ಕ್ಷೇತ್ರವಾಯಿತು. ಆಮೇಲೆ ದಶಕಗಟ್ಟಲೆ ನಮ್ಮಲ್ಲಿ ಈ ವಿದ್ಯೆ ಹೆಚ್ಚಾಗಿ ವೈದ್ಯಕೀಯ ಕಾಲೇಜುಗಳ ಪಿಎಸ್‌ಎಂ, ಅಂದರೆ ಈಗಿನ ಕಮ್ಯುನಿಟಿ ಮೆಡಿಸಿನ್, ವಿಭಾಗದೊಳಗೇ ಉಳಿಯಿತು. 1997ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ ಎಂಪಿಎಚ್ ಆರಂಭಿಸಿತು. 2006ರಲ್ಲಿ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಬಂದ ಮೇಲೆ ಈ ಮೂರಕ್ಷರ ಎಲ್ಲ ಕಡೆ ಹಬ್ಬಿತು.

ಇವುಗಳಿಗಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಆಫ್ರಿಕಾದ ಅನುಭವ. 1990ರ ದಶಕದ ಮೊದಲಲ್ಲಿ ಅದೇ ರಾಕ್‌ಫೆಲರ್‌ನವರು ‘ಗೋಡೆಗಳಿಲ್ಲದ ಸಾರ್ವಜನಿಕ ಆರೋಗ್ಯ ಶಾಲೆ’ ಎಂಬ ಯೋಜನೆ ಹಾಕಿಕೊಂಡರು. ಜಿಂಬಾಬ್ವೆ ವಿಶ್ವವಿದ್ಯಾಲಯ 1993ರಲ್ಲಿ, ಉಗಾಂಡದ ಮಕೆರೆರೆ ಮತ್ತು ಘಾನಾ ವಿಶ್ವವಿದ್ಯಾಲಯಗಳು 1994ರಲ್ಲಿ ಈ ಮಾದರಿಯ ಎಂಪಿಎಚ್ ಶುರು ಮಾಡಿದವು. ಪದವಿ ಕೊಡುವುದು ವಿಶ್ವವಿದ್ಯಾಲಯ, ಆದರೆ ಆರೋಗ್ಯ ಸಚಿವಾಲಯ ಅದರಲ್ಲಿ ಸಮಪಾಲುದಾರ. ಜಿಂಬಾಬ್ವೆ, ಉಗಾಂಡಗಳಲ್ಲಿ ವಿದ್ಯಾರ್ಥಿ ತನ್ನ ಅವಧಿಯ ಬಹುಪಾಲು ಕಳೆಯುವುದು ಜಿಲ್ಲೆಯಲ್ಲಿ. ಅಲ್ಲಿನ ಆರೋಗ್ಯ ಅಧಿಕಾರಿಯೇ ಅವನಿಗೆ ಮಾರ್ಗದರ್ಶಕ. ರೋಗ ಹಬ್ಬಿದರೆ ತನಿಖೆಗೆ ಓಡುವುದು, ಕಾರ್ಯಕ್ರಮವೊಂದು ಯಾಕೆ ಕುಂಟುತ್ತಿದೆ ಎಂದು ಪರಿಶೀಲಿಸುವುದು, ವರದಿ ಬರೆದು ಆ ಕಚೇರಿಗೇ ಒಪ್ಪಿಸುವುದು ಅವನ ಪರೀಕ್ಷೆಯ ಭಾಗ. ತರಗತಿಗೆ ಆಗಾಗ ರಾಜಧಾನಿಗೆ ಬಂದು ಹೋಗುತ್ತಾನೆ, ಅಷ್ಟೆ.

ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದವರದು ಇನ್ನೊಂದು ದಾರಿ. 1990ರ ದಶಕದ ಆರಂಭದಲ್ಲಿ ಅವರು ಪದವಿಗೆ ಕೈ ಹಾಕುವ ಮೊದಲು ಚಳಿಗಾಲದ ರಜೆಯಲ್ಲಿ ಕೆಲವು ವಾರಗಳ ಅಲ್ಪಾವಧಿ ಕೋರ್ಸುಗಳನ್ನು ನಡೆಸಿದರು. ಬಂದವರು ನರ್ಸುಗಳು, ಜಿಲ್ಲಾ ವ್ಯವಸ್ಥಾಪಕರು, ಕ್ಲಿನಿಕ್ಕಿನ ಮೇಲ್ವಿಚಾರಕರು. ಎಂಪಿಎಚ್ ಆಮೇಲೆ ಬಂತು. ಅದೂ ನೌಕರಿ ಬಿಡದೆ ದೂರದಲ್ಲಿದ್ದುಕೊಂಡೇ ಓದುವ ಹಾಗೆ. ಢಾಕಾದ ಬ್ರ್ಯಾಕ್ ವಿಶ್ವವಿದ್ಯಾಲಯದ ಜೇಮ್ಸ್ ಪಿ. ಗ್ರಾಂಟ್ ಶಾಲೆ 2004ರಲ್ಲಿ ಹುಟ್ಟಿದಾಗ ಅದರ ಬೆನ್ನಿಗೆ ಬ್ರ್ಯಾಕ್ ಸಂಸ್ಥೆಯ ಹಳ್ಳಿ ಕೆಲಸದ ದೊಡ್ಡ ಜಾಲವೇ ಇತ್ತು. ನಮ್ಮಲ್ಲೇ ಚೆನ್ನೈನ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ 2001ರಲ್ಲಿ ಶುರು ಮಾಡಿದ ಅನ್ವಯಿಕ ಎಪಿಡೆಮಿಯಾಲಜಿಯ (ರೋಗ ಯಾರಲ್ಲಿ, ಎಲ್ಲಿ, ಯಾಕೆ ಹಬ್ಬುತ್ತದೆ ಎಂಬ ಅಧ್ಯಯನದ) ಸ್ನಾತಕೋತ್ತರ ಪದವಿಯೂ ಇದೇ ಬಗೆಯದು: ಸರಕಾರಿ ವೈದ್ಯರು ನಡುನಡುವೆ ಚೆನ್ನೈಗೆ ಹೋಗಿ ಪಾಠ ಕೇಳಿ, ಉಳಿದ ಕಾಲ ತಮ್ಮ ಜಿಲ್ಲೆಯಲ್ಲೇ ಕೆಲಸ ಮಾಡುತ್ತ ಕಲಿಯುತ್ತಿದ್ದರು. ಈ ಯಾವುದರಲ್ಲೂ ಮೊದಲು ಕಟ್ಟಿದ್ದು ಕಟ್ಟಡ ಅಲ್ಲ ಎನ್ನುವುದನ್ನು ಕುಲಪತಿಗಳಿಗೆ ಹೇಳಿ.

ಹೊರಗಿನ ದುಡ್ಡಿನ ಮಾತೂ ಇಲ್ಲೇ ಬಂದುಬಿಡಲಿ. ದಾನಿ ಸಂಸ್ಥೆಯ ಹಣಕ್ಕೆ ಮೂರೋ ಐದೋ ವರ್ಷದ ಆಯಸ್ಸು. ಆ ಹಣದಿಂದ ಗಾಡಿ ಕೊಳ್ಳಿ, ಕಂಪ್ಯೂಟರ್ ಕೊಳ್ಳಿ, ಅತಿಥಿ ಉಪನ್ಯಾಸಕರನ್ನು ಕರೆಸಿ. ಬೋಧಕರ ಸಂಬಳಕ್ಕೆ ಮಾತ್ರ ಅದನ್ನು ನಂಬಬೇಡಿ. ಸಂಬಳ ವಿಶ್ವವಿದ್ಯಾಲಯದ ಸ್ವಂತ ಬಜೆಟ್ಟಿನಲ್ಲಿ ಕಾಣದಿದ್ದರೆ ನಾಲ್ಕನೇ ಬ್ಯಾಚಿನ ಹೊತ್ತಿಗೆ ಪಾಠ ಮಾಡಲು ನೀವೊಬ್ಬರೇ ಉಳಿದಿರುತ್ತೀರಿ.

ಈಗ ತಾಲೂಕಿನ ಮಾತು. ಅಲ್ಲಿ ಕಲಿಯಲು ಅಂಥದ್ದೇನಿದೆ ಎಂದು ನಿಮ್ಮ ಅಕಾಡೆಮಿಕ್ ಕೌನ್ಸಿಲಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಉಪಕೇಂದ್ರದ ರಿಜಿಸ್ಟರನ್ನು ಅವರ ಮುಂದಿಡಿ. ಬಯಲು ಸೀಮೆಯ ಉಪಕೇಂದ್ರಕ್ಕೆ ಲೆಕ್ಕದಂತೆ 5000 ಜನಸಂಖ್ಯೆ. ಉದಾಹರಣೆಗೆ, ಸಾವಿರಕ್ಕೆ 18ರಂತೆ ಜನನ ಪ್ರಮಾಣ ಹಿಡಿದರೆ ವರ್ಷಕ್ಕೆ 90 ಕೂಸುಗಳು ಹುಟ್ಟಬೇಕು. ಮೇಲಿನಿಂದ ಬರುವ ಗುರಿ ಇದು. ಸಿಸ್ಟರ್ ಬರೆದುಕೊಂಡ ರಿಜಿಸ್ಟರಿನಲ್ಲಿರುವುದು 71. ದಡಾರದ ಚುಚ್ಚುಮದ್ದು ಬಿದ್ದದ್ದು 68ಕ್ಕೆ. ಹಾಗಾದರೆ ಲಸಿಕೆಯ ಪ್ರಮಾಣ ಎಷ್ಟು? 90ರಿಂದ ಭಾಗಿಸಿದರೆ ಶೇ 76, 71ರಿಂದ ಭಾಗಿಸಿದರೆ ಶೇ 96. ಒಂದು ಅಂಕಿಗೆ ನೋಟಿಸು, ಇನ್ನೊಂದಕ್ಕೆ ಶಹಬಾಸ್‌ಗಿರಿ. ಕೆಲಸ ಮಾತ್ರ ಒಂದೇ.

ವಿದ್ಯಾರ್ಥಿ ಇಲ್ಲಿ ಕೈ ಕಟ್ಟಿ ಕೂರಬಾರದು. ಉಳಿದ 19 ಕೂಸುಗಳು ಹುಟ್ಟಲೇ ಇಲ್ಲವೇ, ತವರಿನಲ್ಲಿ ಹುಟ್ಟಿ ಅಲ್ಲಿನ ಪುಸ್ತಕದಲ್ಲಿವೆಯೇ, ಅಥವಾ ತಾಂಡಾದ ಮನೆಗಳನ್ನು ಯಾರೂ ಎಣಿಸಿಲ್ಲವೇ? ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಗೋವಾ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವವರು, ಕಬ್ಬು ಕಡಿಯುವ ಗ್ಯಾಂಗಿನವರು, ಇಟ್ಟಂಗಿ ಭಟ್ಟಿಗೆ ಹೊರಗಿನಿಂದ ಬಂದು ಟೆಂಟ್ ಹಾಕಿದವರು, ಇವರ ಮಕ್ಕಳು ಯಾವ ಛೇದದಲ್ಲಿ, ಅಂದರೆ ಭಾಗಿಸುವ ಯಾವ ಅಂಕಿಯಲ್ಲಿ, ಇದ್ದಾರೆ? ಒಬ್ಬ ಸಿಸ್ಟರ್ ನನಗೆ ಹೇಳಿದ್ದು ಇದು: “ಸರ, ಗ್ಯಾಂಗಿನವ್ರು ದೀಪಾವಳಿ ಮುಂದ ಹೋಗಿಬಿಟ್ರು. ಕೂಸಿನ ಹೆಸರು ನನ್ನ ಪುಸ್ತಕದಾಗ ಐತಿ, ಕೂಸು ಕರಾಡದಾಗ ಐತಿ. ಗುರುವಾರಕ್ಕೊಮ್ಮೆ ನಾ ಎಲ್ಲಿಂದ ತರ್ಲಿ?” ಛೇದ ಎಂದರೇನು, ಎಣಿಕೆಯಿಂದ ಹೊರಗುಳಿಯುವವರು ಯಾರು, ಸರಾಸರಿ ಏನನ್ನು ಮುಚ್ಚಿಡುತ್ತದೆ ಎಂಬ ಮೂರೂ ಪಾಠಗಳು ಆ ಒಂದು ಮಾತಿನಲ್ಲಿವೆ. ಇದನ್ನು ಗುರುವಾರದ ಲಸಿಕೆ ದಿನ ಉಪಕೇಂದ್ರದ ಕಟ್ಟೆಯ ಮೇಲೆ ಕೂತು ಕಲಿಯಬೇಕು.

ಸರಾಸರಿಯ ಬಗ್ಗೆ ನಿಮ್ಮ ಜಿಲ್ಲೆಯದೇ ಉದಾಹರಣೆ ಇದೆ. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರಲ್ಲಿ ನಡೆದ ಎಚ್‌ಐವಿ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸುಮಾರು ಶೇ 3ರಷ್ಟು ಮಂದಿಗೆ ಸೋಂಕು ಕಂಡಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ಏನೆಂದರೆ ತಾಲೂಕಿನಿಂದ ತಾಲೂಕಿಗೆ, ಊರಿನಿಂದ ಊರಿಗೆ ಇದ್ದ ದೊಡ್ಡ ಅಂತರ. ಪಟ್ಟಣದ ರೋಗ ಎಂದು ತಿಳಿದಿದ್ದವರಿಗೆ ಹಳ್ಳಿಗಳ ನಕ್ಷೆ ಬೇರೆಯದನ್ನೇ ಹೇಳಿತು. ಜಿಲ್ಲೆಯ ಒಂದು ಅಂಕಿ ನೋಡಿ ಕಾರ್ಯಕ್ರಮ ಹಾಕಿದ್ದರೆ ದುಡ್ಡು ಬೇಕಾದ ಊರಿಗೆ ಹೋಗುತ್ತಿರಲಿಲ್ಲ.

ಬೆಳಗಾವಿಯ ಉದಾಹರಣೆಯನ್ನಂತೂ ಪ್ರಸ್ತಾವನೆಯಲ್ಲಿ ಹಾಕಲೇಬೇಕು. ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ವಿದೇಶಿ ಸಹಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಬಾಣಂತಿಯರ ಮೇಲೆ ನಡೆಸಿದ, ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಾತ್ರೆ ಕೊಟ್ಟವರು ತಜ್ಞ ವೈದ್ಯರಲ್ಲ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂಗಳು, ಅಂದರೆ ಉಪಕೇಂದ್ರದ ಸಿಸ್ಟರ್‌ಗಳು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಔಷಧವನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ನಾನು ವಿದ್ಯಾರ್ಥಿಗಳಿಗೆ ತೋರಿಸುವುದು ಫಲಿತಾಂಶಕ್ಕಿಂತ ಅಳತೆಯ ಉಪಾಯವನ್ನು. ಸೀರೆಗೆ, ಚಾಪೆಗೆ, ನೆಲಕ್ಕೆ ಇಂಗಿದ ರಕ್ತವನ್ನು ಹೇಗೆ ಅಳೆಯುವುದು? ಕಣ್ಣಳತೆಯಲ್ಲಿ ಅದು ಯಾವಾಗಲೂ ಕಡಿಮೆಯೇ ಕಾಣುತ್ತದೆ. ಈ ಅಧ್ಯಯನಕ್ಕಾಗಿ ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡರು. ತಾಯಿಯ ಸೊಂಟದ ಕೆಳಗೆ ಹಾಸುವುದು, ಕೆಳತುದಿಯಲ್ಲಿ ಆಲಿಕೆಯಂಥ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ರಕ್ತ ಜಾರಿ ಚೀಲಕ್ಕೆ ಬೀಳುತ್ತದೆ, ಸಿಸ್ಟರ್ ಗೆರೆ ನೋಡಿ ಬರೆಯುತ್ತಾಳೆ. ಅತಿ ರಕ್ತಸ್ರಾವದ ಮಿತಿಯಾದ 500 ಮಿಲಿಲೀಟರ್ ದಾಟಿತೋ ಇಲ್ಲವೋ ಎಂಬುದಕ್ಕೆ ವಾದವೇ ಇಲ್ಲ. ಹಳ್ಳಿಯ ಹೆರಿಗೆ ಕೋಣೆಯಲ್ಲಿ ನಿಂತು ನೋಡಿದವರಿಗಷ್ಟೇ ಹೊಳೆಯುವ ಉಪಾಯ ಇದು. ಆ ತಂಡ ತಾಯಿ-ಮಗುವಿನ ಸಂಶೋಧನೆಯ ಅಂತರರಾಷ್ಟ್ರೀಯ ಜಾಲದಲ್ಲಿ 2001ರ ಹೊತ್ತಿನಿಂದ ಇದೆ. ಆಯ್ದ ಪ್ರದೇಶಗಳ ಪ್ರತಿ ಗರ್ಭಿಣಿಯನ್ನೂ ದಾಖಲಿಸಿ, ಹೆರಿಗೆಯಾಗಿ 42 ದಿನದವರೆಗೆ ಹಿಂಬಾಲಿಸುವ ರಿಜಿಸ್ಟ್ರಿಯನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿದೆ. ವಿದೇಶಿ ಸಹಯೋಗ ಬೇಕು ಅನ್ನುವವರು ಇದನ್ನು ಗಮನಿಸಲಿ. ಹೊರಗಿನವರು ಬಂದು ಜೊತೆ ಸೇರುವುದು ಇಂಥ ಕ್ಷೇತ್ರ ನೋಡಿ. ಬರೀ ಒಪ್ಪಂದಕ್ಕೆ ಸಹಿ ಹಾಕಿ, ಫೋಟೊ ತೆಗೆಸಿ, ವರ್ಷಕ್ಕೊಂದು ವೆಬಿನಾರ್ ಮಾಡುವ ಸಹಯೋಗಕ್ಕೆ ನಿಮ್ಮ ಸಮಯ ಕೊಡಬೇಡಿ.

ಹಾಗಾದರೆ ಮೊದಲ ವರ್ಷ ಮಾಡುವುದೇನು? ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಯವರ (ಡಿಎಚ್‌ಒ) ಜೊತೆ ಬರಹದಲ್ಲಿ ಒಪ್ಪಂದ. ಡಿಎಚ್‌ಒಗಳು ಬದಲಾಗುತ್ತಲೇ ಇರುತ್ತಾರೆ, ಬಾಯಿಮಾತು ಅವರ ಜೊತೆಗೇ ವರ್ಗವಾಗಿ ಹೋಗುತ್ತದೆ. ಒಂದು ತಾಲೂಕು, ಅದರಲ್ಲಿ ಮೂರು ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), ಹತ್ತು ವರ್ಷದ ಮಾತು. ಯಾವ ದಾಖಲೆ ನೋಡಬಹುದು, ಹೆಸರು ಅಳಿಸಿದ ಮಾಹಿತಿ ಯಾರ ಬಳಿ ಇರುತ್ತದೆ, ವಿದ್ಯಾರ್ಥಿಯ ವರದಿ ಮೊದಲು ಯಾರ ಕೈ ಸೇರುತ್ತದೆ ಎಲ್ಲ ಅದರಲ್ಲಿರಲಿ. ನೈತಿಕ ಸಮಿತಿಯ ಒಪ್ಪಿಗೆಯೂ ಮೊದಲೇ ಆಗಲಿ. ನಮ್ಮ ಹಳ್ಳಿಯವರಿಗೆ ಸಮೀಕ್ಷೆ ಸಾಕಾಗಿ ಹೋಗಿದೆ. “ಮತ್ತ ಬಂದ್ರೇನ್ರಿ ಬರಕೊಳ್ಳಾಕ? ಹೋದ ಸಲ ಬರಕೊಂಡು ಹೋದದ್ದು ಏನಾತು?” ಎಂದು ಕೇಳುವ ಅಜ್ಜಿ ಪ್ರತಿ ಓಣಿಯಲ್ಲೂ ಇದ್ದಾಳೆ. ಅವಳಿಗೆ ಕೊಡಲು ಉತ್ತರ ಇಲ್ಲದ ವಿದ್ಯಾರ್ಥಿಯನ್ನು ಆ ಓಣಿಗೆ ಕಳಿಸಬೇಡಿ. ನನ್ನ ಸಲಹೆ: ಪ್ರತಿ ಪ್ರಬಂಧದ ಜೊತೆ ಎರಡು ಪುಟದ ಕನ್ನಡ ವರದಿ ಕಡ್ಡಾಯ ಇರಲಿ, ಅದನ್ನು ವಿದ್ಯಾರ್ಥಿ ಗ್ರಾಮ ಪಂಚಾಯಿತಿಯಲ್ಲಿ ಓದಿ ಹೇಳಲಿ, ಅದಕ್ಕೂ ಅಂಕ ಇರಲಿ. ಅಥಣಿ, ಚಿಕ್ಕೋಡಿ, ಖಾನಾಪುರದ ಕಡೆ ಹೋಗುವವರಿಗೆ ಮರಾಠಿಯೂ ಬೇಕು. ಪ್ರಶ್ನಾವಳಿಯನ್ನು ಇಂಗ್ಲಿಷಿನಲ್ಲಿ ಬರೆದು ಆಮೇಲೆ ಕನ್ನಡಕ್ಕೆ ಎಳೆಯುವ ಚಾಳಿ ಮೊದಲ ದಿನವೇ ಬಿಡಿಸಿ.

ಅದೇ ವರ್ಷ ಒಂದು ವಾರದ, ಎರಡು ವಾರದ ಅಲ್ಪಾವಧಿ ಕೋರ್ಸು ನಡೆಸಿ, ವೆಸ್ಟರ್ನ್ ಕೇಪ್‌ನವರ ಹಾಗೆ. ತಾಲೂಕು ಆರೋಗ್ಯಾಧಿಕಾರಿಗಳು, ಪಿಎಚ್‌ಸಿ ವೈದ್ಯರು, ಸಮುದಾಯ ಆರೋಗ್ಯ ಅಧಿಕಾರಿಗಳು, ಹಿರಿಯ ಆರೋಗ್ಯ ನಿರೀಕ್ಷಕರು ಬರಲಿ. ವಿಷಯ ಸಣ್ಣದಿರಲಿ, ಕೈಗೆ ಸಿಗುವಂಥದ್ದಿರಲಿ. ರೋಗ ಸರ್ವೇಕ್ಷಣೆಯ ಎಸ್, ಪಿ, ಎಲ್ ಎಂಬ ಮೂರು ನಮೂನೆಗಳಲ್ಲಿ ಆರೋಗ್ಯ ಕಾರ್ಯಕರ್ತೆ, ವೈದ್ಯ, ಪ್ರಯೋಗಾಲಯ ಮೂವರೂ ಒಂದೇ ವಾಂತಿಭೇದಿಯನ್ನು ಹೇಗೆ ಮೂರು ರೀತಿ ಬರೆಯುತ್ತಾರೆ ಎನ್ನುವುದೇ ಒಂದು ದಿನದ ಪಾಠವಾಗುತ್ತದೆ. ಇನ್ನೊಂದು ದಿನ ಕ್ಲೋರಿನ್. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿ ಒಂದು ಗಂಟೆ ಬಿಟ್ಟು ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂದು ಪುಸ್ತಕ ಹೇಳುತ್ತದೆ. ವಾಟರ್‌ಮನ್ ಟ್ಯಾಂಕಿನ ಬುಡದಲ್ಲೇ ಪರೀಕ್ಷೆ ಮಾಡಿ ಸರಿ ಇದೆ ಎಂದು ಬರೆಯುತ್ತಾನೆ. ಶಿಬಿರಾರ್ಥಿಗಳನ್ನು ಊರಿನ ಕೊನೆಯ ನಳಕ್ಕೆ ಕರೆದುಕೊಂಡು ಹೋಗಿ, ಬಾಟಲಿಗೆ ಪರೀಕ್ಷೆಯ ಹನಿ ಹಾಕಿಸಿ ನೋಡಿ. ಬಣ್ಣವೇ ಬರದ, ಅಂದರೆ ಕ್ಲೋರಿನ್ ತಲುಪದ ನಳಗಳು ಸಿಗುತ್ತವೆ. ಪೈಪು ಗಟಾರದೊಳಗೆ ಹಾದು ಬರುವ ಜಾಗ ಹುಡುಕುವುದು ಆ ಮಧ್ಯಾಹ್ನದ ಹೋಮ್‌ವರ್ಕ್.

ಈ ಕೋರ್ಸುಗಳಿಂದ ಇನ್ನೊಂದು ಲಾಭವಿದೆ. ಬಂದವರಲ್ಲಿ ಚೆನ್ನಾಗಿ ಕಲಿಸಬಲ್ಲವರು ಯಾರು, ನಾಳೆ ವಿದ್ಯಾರ್ಥಿಯನ್ನು ಜೊತೆಗಿಟ್ಟುಕೊಂಡು ಬೆಳೆಸುವವರು ಯಾರು ಎಂದು ನಿಮಗೆ ಗೊತ್ತಾಗುತ್ತದೆ.

ಬೋಧಕರ ಪ್ರಶ್ನೆಗೆ ಬಂದೆ. ಕಮ್ಯುನಿಟಿ ಮೆಡಿಸಿನ್ ವಿಭಾಗದ ಐದಾರು ಜನರ ಹೆಸರನ್ನೇ ಎರಡೂ ಕಡೆ ತೋರಿಸುವುದು ಎಲ್ಲ ಕಡೆ ನಡೆಯುವ ಆಟ. ಇನ್‌ಸ್ಪೆಕ್ಷನ್ ದಿನ ಅವರು ಅಲ್ಲಿ, ಉಳಿದ ದಿನ ಎಲ್ಲೂ ಇಲ್ಲ. ಕನಿಷ್ಠ ಮೂವರು ಪೂರ್ಣಾವಧಿ ಬೇಕೇ ಬೇಕು: ಒಬ್ಬರು ಎಪಿಡೆಮಿಯಾಲಜಿ ಬಲ್ಲವರು, ಒಬ್ಬರು ಸಂಖ್ಯಾಶಾಸ್ತ್ರದವರು, ಒಬ್ಬರು ಸಮಾಜ ವಿಜ್ಞಾನದ ಕಡೆಯವರು. ಮೂರನೆಯವರನ್ನು ಬಿಟ್ಟುಬಿಡುವ ಆಸೆ ಆಗುತ್ತದೆ, ಬಿಡಬೇಡಿ. ದೇವದಾಸಿ ಪದ್ಧತಿ, ಬಾಲ್ಯವಿವಾಹ, ಗುಳೆ ಇವು ಗೊತ್ತಿಲ್ಲದೆ ಬಾಗಲಕೋಟೆಯ ಆರೋಗ್ಯ ಗೊತ್ತಾಗುವುದಿಲ್ಲ. ಉಳಿದದ್ದನ್ನು ನೆರೆಹೊರೆಯಿಂದ ತರಬಹುದು. ಬೆಳಗಾವಿಯಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇದೆ, ನೀರು-ಚರಂಡಿಯ ಪಾಠಕ್ಕೆ ಸಿವಿಲ್ ಎಂಜಿನಿಯರುಗಳು ಸಿಗುತ್ತಾರೆ. ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದಿಂದ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಿಂದ ಅರ್ಥಶಾಸ್ತ್ರ, ಸಮಾಜಶಾಸ್ತ್ರದವರನ್ನು ಕೇಳಿ. ದ್ರಾಕ್ಷಿ ತೋಟದ ಔಷಧ ಸಿಂಪಡಣೆಯ ಬಗ್ಗೆ ನಿಮಗಿಂತ ನನಗಿಂತ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರು ಚೆನ್ನಾಗಿ ಹೇಳುತ್ತಾರೆ. ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಗೌರವ ಪ್ರಾಧ್ಯಾಪಕ ಎಂಬ ಪತ್ರ, ಒಂದಿಷ್ಟು ಗೌರವಧನ, ಗ್ರಂಥಾಲಯದ ಕಾರ್ಡು ಕೊಡಿ. ಕಾರ್ಡು ಸಣ್ಣದೆನಿಸಬಹುದು, ಜರ್ನಲ್ಲಿನ ಲೇಖನಕ್ಕೆ ಪರದಾಡಿದವರಿಗೆ ಅದರ ಬೆಲೆ ಗೊತ್ತು.

ಯಾರನ್ನು ಸೇರಿಸಿಕೊಳ್ಳಬೇಕು? ವೈದ್ಯರಲ್ಲದವರು ಖಂಡಿತ ಬರಲಿ. ನರ್ಸಿಂಗ್, ದಂತವೈದ್ಯ, ಆಯುರ್ವೇದ, ಫಾರ್ಮಸಿ, ಸಮಾಜಕಾರ್ಯ, ಸಂಖ್ಯಾಶಾಸ್ತ್ರ, ಕೃಷಿ ಎಲ್ಲದಕ್ಕೂ ಇಲ್ಲಿ ಕೆಲಸ ಇದೆ. ಕೇಂದ್ರ ಆರೋಗ್ಯ ಸಚಿವಾಲಯದ ಮಾದರಿ ಪಠ್ಯಕ್ರಮವನ್ನು ಆಧಾರವಾಗಿ ಇಟ್ಟುಕೊಳ್ಳಿ. ಪದವಿಯ ಹೆಸರು ಯುಜಿಸಿ ಪಟ್ಟಿಯಲ್ಲಿರುವಂತೆಯೇ ಇರಲಿ, ಅಂದಚಂದಕ್ಕೆ ಹೊಸ ಹೆಸರು ಕಟ್ಟಬೇಡಿ. ನಾಳೆ ನೇಮಕಾತಿಯ ಕ್ಲರ್ಕ್ ಅದನ್ನು ಬದಿಗಿಡುತ್ತಾನೆ. ಆದರೆ ಮೊದಲ ಬ್ಯಾಚಿನಲ್ಲಿ 10ರಿಂದ 12 ಜನ ಸಾಕು, ಅವರಲ್ಲಿ ಅರ್ಧದಷ್ಟಾದರೂ ಸರಕಾರಿ ಸೇವೆಯಲ್ಲಿ ಇರುವವರಾಗಿರಲಿ. ಎಂಡಿಎಸ್ ಸೀಟು ಸಿಗದ ದಂತವೈದ್ಯರನ್ನು ಕರೆದು ಮೂವತ್ತು ಸೀಟು ತುಂಬಿಸುವ ವ್ಯಾಪಾರ ಎಷ್ಟೋ ಕಡೆ ನಡೆದಿದೆ. ತಪ್ಪು ಆ ಮಕ್ಕಳದ್ದಲ್ಲ. ಅವರಲ್ಲಿ ಕೆಲವರು ಒಳ್ಳೆಯ ಎಪಿಡೆಮಿಯಾಲಜಿಸ್ಟ್ ಆಗಿದ್ದನ್ನೂ ನೋಡಿದ್ದೇನೆ. ಆದರೆ ಎರಡು ವರ್ಷದ ಫೀ ಕಟ್ಟಿಸಿಕೊಂಡು, ಮುಂದೆ ಏನು ಎಂದು ಕೇಳಿದಾಗ ಎನ್‌ಜಿಒ ಇವೆಯಲ್ಲ ಎನ್ನುವುದು ಸರಿಯಲ್ಲ.

ಅಂದರೆ ಕೆಲಸದ ಪ್ರಶ್ನೆ. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯ, ಪ್ರತ್ಯೇಕ ವೃಂದ (ಅಧಿಕಾರಿಗಳ ಕೇಡರ್) ಬಹಳ ಹಿಂದಿನಿಂದ ಇದೆ. ಮದ್ರಾಸಿನ ಸಾರ್ವಜನಿಕ ಆರೋಗ್ಯ ಕಾಯ್ದೆಯೇ 1939ರದು. ಅಲ್ಲಿ ಈ ಓದಿಗೆ ಹುದ್ದೆ ಇದೆ, ಹುದ್ದೆಗೆ ಈ ಓದು ಬೇಕು. ಉಳಿದ ರಾಜ್ಯಗಳಿಗೂ ಇಂಥ ವೃಂದ ಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು, 2022ರಲ್ಲಿ ಕೇಂದ್ರ ಸರಕಾರ ಅದಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ಸೇವೆಯಲ್ಲಿರುವ ವೈದ್ಯರಿಗೆ ನಿಮ್ಮ ಪದವಿಯ ಬೆಲೆ ಈ ದಿಕ್ಕಿನಲ್ಲಿ ಏರಬಹುದು. ಹೊಸದಾಗಿ ಓದಿ ಬರುವ, ವೈದ್ಯರಲ್ಲದ ಹುಡುಗ-ಹುಡುಗಿಯರಿಗೆ ಸಿಗುವುದು ಹೆಚ್ಚಾಗಿ ಗುತ್ತಿಗೆ ಕೆಲಸ: ರಾಷ್ಟ್ರೀಯ ಆರೋಗ್ಯ ಅಭಿಯಾನದ ಜಿಲ್ಲಾ ಮಟ್ಟದ ಹುದ್ದೆಗಳು, ಸರ್ವೇಕ್ಷಣಾ ಘಟಕ, ಸ್ವಯಂಸೇವಾ ಸಂಸ್ಥೆಗಳು, ಸಂಶೋಧನಾ ಯೋಜನೆಗಳು. ಪ್ರವೇಶದ ದಿನವೇ ಪಾಲಕರನ್ನು ಕೂರಿಸಿ ಇದನ್ನು ಹೇಳಿ. ಎಂಡಿಗೆ ಇದು ಬದಲಿ ಅಲ್ಲ ಎಂದೂ ಹೇಳಿ. ಸೀಟು ಒಂದೆರಡು ಖಾಲಿ ಉಳಿದರೆ ಉಳಿಯಲಿ.

ಅದಕ್ಕೇ ನಿಯೋಜನೆಯ ಮೇಲೆ ಬರುವ ಸರಕಾರಿ ನೌಕರರು ಮುಖ್ಯ ಎಂದದ್ದು. ಅವರಿಗೆ ಹಿಂತಿರುಗಿ ಹೋಗಲು ಕುರ್ಚಿ ಇದೆ. ಪೂರ್ತಿ ಎರಡು ವರ್ಷ ಇಲಾಖೆ ಬಿಟ್ಟುಕೊಡುವುದಿಲ್ಲ, ಪಿಎಚ್‌ಸಿಯಲ್ಲಿ ಇರುವುದೇ ಒಬ್ಬ ವೈದ್ಯ. ಹಾಗಾಗಿ ಚೆನ್ನೈನವರ ಪದ್ಧತಿ ನೋಡಿ: ಕೆಲವು ವಾರ ತರಗತಿ, ಉಳಿದದ್ದು ಅವರವರ ಜಾಗದಲ್ಲೇ, ಅವರವರ ದಾಖಲೆಯ ಮೇಲೆಯೇ. ಬಯೋಸ್ಟ್ಯಾಟಿಸ್ಟಿಕ್ಸ್‌ಗೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಎಪಿ ಇನ್ಫೊ ಮತ್ತು ಆರ್ ಎರಡೂ ಪುಕ್ಕಟೆ.

ಕ್ಯಾಲೆಂಡರನ್ನು ಬೆಂಗಳೂರಿನಿಂದ ತರಿಸಬೇಡಿ, ನಮ್ಮ ಕಡೆಯ ವರ್ಷಕ್ಕೆ ಹೊಂದಿಸಿ. ಜುಲೈ-ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ದಂಡೆಯಲ್ಲಿ ವಿದ್ಯಾರ್ಥಿಗಳು ಇರಬೇಕು. 2019ರ ಆಗಸ್ಟಿನ ಪ್ರವಾಹ ನೆನಪಿದೆಯಲ್ಲ, ಜಮಖಂಡಿ, ಮುಧೋಳ, ಗೋಕಾಕ, ಚಿಕ್ಕೋಡಿ ಎಲ್ಲ ಕಡೆ ಕಾಳಜಿ ಕೇಂದ್ರಗಳು ತೆರೆದಿದ್ದವು. ಅಂಥ ಕೇಂದ್ರದಲ್ಲಿ ಶೌಚಾಲಯ ಎಷ್ಟು ಜನಕ್ಕೆ ಒಂದು, ಸಕ್ಕರೆ ಕಾಯಿಲೆಯವರ ಗುಳಿಗೆ ಎಲ್ಲಿ, ಬಾಣಂತಿಯರು ಎಷ್ಟು ಎಂದು ಎಣಿಸುವುದು ವಿಪತ್ತು ನಿರ್ವಹಣೆಯ ಪತ್ರಿಕೆಗಿಂತ ದೊಡ್ಡ ಪಾಠ. ದಸರೆಯಿಂದ ದೀಪಾವಳಿಯವರೆಗೆ ಗ್ಯಾಂಗು ಹೊರಡುವ ಮೊದಲು ಲಸಿಕೆಯ ಎಣಿಕೆ. ಬೇಸಿಗೆಯಲ್ಲಿ ನೀರು: ವಿಜಯಪುರ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ್ದು ಎಲ್ಲಿ, ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಎಷ್ಟು ದಿನವಾಯಿತು. ಇಳಕಲ್ಲಿನ ಕಲ್ಲು ಗಣಿಗಳ ದೂಳು, ನೇಕಾರರ ಬೆನ್ನು-ಕಣ್ಣು ವರ್ಷವಿಡೀ ಇದ್ದೇ ಇವೆ. ಹಾವು ಕಡಿತವನ್ನು ರಾಜ್ಯ ಸರಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ತಾಲೂಕು ಆಸ್ಪತ್ರೆಯ ಕೇಸ್‌ಶೀಟುಗಳಿಗೂ ವರದಿಯಾದ ಅಂಕಿಗೂ ತಾಳೆ ಹಾಕುವುದು ಒಬ್ಬ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನ ಕೆಲಸ.

ಬಜೆಟ್ಟಿನ ಬಗ್ಗೆ ಒಂದೇ ಮಾತು. ನನ್ನ ಮುಂದೆ ಬಂದ ಪ್ರಸ್ತಾವನೆಗಳಲ್ಲಿ ಸ್ಮಾರ್ಟ್ ಬೋರ್ಡಿಗೆ ದುಡ್ಡು ಇರುತ್ತದೆ, ಗಾಡಿಗೆ ಇರುವುದಿಲ್ಲ. ಗಾಡಿ ಇದ್ದರೆ ಡೀಸೆಲ್‌ಗೆ ಇರುವುದಿಲ್ಲ. ಎರಡೂ ಇದ್ದರೆ ಡ್ರೈವರ್ ಇರುವುದಿಲ್ಲ. ಹುಡುಗಿಯರು ಹಳ್ಳಿಯಲ್ಲಿ ಉಳಿಯಲು ಬಾಗಿಲಿಗೆ ಚಿಲಕ ಇರುವ ಕೋಣೆ, ನೀರು ಬರುವ ಶೌಚಾಲಯ ಬೇಕು. ಕಟ್ಟಡಕ್ಕೆಂದು ಎತ್ತಿಟ್ಟ ಹಣದ ಒಂದು ಪಾಲನ್ನು ತಾಲೂಕಿನಲ್ಲಿ ಇಂಥ ನಾಲ್ಕು ಕೋಣೆಗಳ ಕ್ಷೇತ್ರ ಕೇಂದ್ರಕ್ಕೆ ತಿರುಗಿಸಲು ಕುಲಪತಿಗಳನ್ನು ಒಪ್ಪಿಸಿದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಬೆಳಗಾವಿಯ ಹಿರಿಯರಿಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಗೊತ್ತು. ಈಗ ಬೆಳಿಗ್ಗೆ ವಾಕಿಂಗಿಗೆ ಹೋಗುವ ಆ ಮೈದಾನದ ಆವರಣದಲ್ಲಿ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಸಾರ್ವಜನಿಕ ಆರೋಗ್ಯದ ಕೆಲಸ ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ ಎಂದು ಪೀಠಿಕೆಯಲ್ಲಿ ಬರೆಯಲು ಇದನ್ನು ಬಳಸಿಕೊಳ್ಳಿ. ಇಂಥ ಸಾಲು ಆಡಳಿತ ಮಂಡಳಿಯವರಿಗೆ ಇಷ್ಟವಾಗುತ್ತದೆ.

ಈ ತಿಂಗಳಲ್ಲೇ ಮಾಡಬೇಕಾದದ್ದು ಒಂದು ಪತ್ರ. ಡಿಎಚ್‌ಒ ಅವರಿಗೆ ಬರೆಯಿರಿ, ಯಾವ ತಾಲೂಕು ಎಂದು ಅವರನ್ನೇ ಕೇಳಿ. ಮಾದರಿ ತಾಲೂಕನ್ನು ತೋರಿಸಲು ಬಂದರೆ ಬೇಡ ಎನ್ನಿ. ಹುದ್ದೆ ಖಾಲಿ ಇರುವ, ಅಂಕಿ ಹೊಂದದ ತಾಲೂಕನ್ನು ಕೊಡಿ ಎನ್ನಿ. ಪತ್ರದ ಪ್ರತಿಯನ್ನು ಜಿಲ್ಲಾ ಪಂಚಾಯಿತಿಯ ಸಿಇಒ ಅವರಿಗೂ ಹಾಕಿ. ನೀರು, ಗಟಾರ, ಅಂಗನವಾಡಿ ಎಲ್ಲ ಅವರ ಕಡೆಯೇ ಇರುವುದು, ಕ್ಷೇತ್ರ ಕೇಂದ್ರಕ್ಕೆ ಹಳೆಯ ಕ್ವಾರ್ಟರ್ಸ್ ಏನಾದರೂ ಸಿಗುವುದಿದ್ದರೂ ಅಲ್ಲಿಂದಲೇ.